ಸೇತುವೆ ಕೆಳಗಿನ ಹೆಣ ಯಾರಿಗೆ ಬೇಕು?

ಹುಮನಾಬಾದ ತಾಲ್ಲೂಕಿನ ದುಬಲಗುಂಡಿ. ತೊಗರಿ ರಾಶಿ ಮುಗಿದು ಮನೆಮಂದಿಗೆಲ್ಲ ತುಸು ಬಿಡುವು. ಪಡಸಾಲೆಯಲ್ಲಿ ಇಬ್ಬರು ಕೂತಿದ್ದಾರೆ. ಮುತ್ಯಾ ಹೆಡ್‌ಮಾಸ್ತರಿಕೆಯಿಂದ ನಿವೃತ್ತರಾದವರು, ಪತ್ತೇದಾರಿ ಕಾದಂಬರಿಗಳ ಹಳೇ ಹುಳ. ಮೊಮ್ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳ ಕೈಯಲ್ಲಿ ಫೋನು, ಫೋನಿನಲ್ಲೊಂದು ಕೊಲೆ. ಇಬ್ಬರಿಗೂ ಸೋಲೊಪ್ಪುವ ಅಭ್ಯಾಸವಿಲ್ಲ. ಹಾಗಾಗಿಯೇ ಮಾತು ಬರೆದಿಡುವಷ್ಟು ಬೆಳೆಯಿತು.

ಮುತ್ಯಾ: ಉಣ್ಣೋ ಮುಂದೂ ಅದೇ, ಉಂಡ ಮ್ಯಾಲೂ ಅದೇ. ಏನದ ಅದರಾಗ?

ಮೊಮ್ಮಗಳು: ಕೊಲಿ ಆಗ್ಯಾದ ಮುತ್ಯಾ. ಸೇತುವಿ ಕೆಳಗ ಹೆಣ ಬಿದ್ದದ. ಪತ್ತೆ ಹಚ್ಚಲಾಕ ಸರ್ಕಾರದ ಇಬ್ಬರು ಏಜೆಂಟರು ಬಂದಾರ. ಆಕಿ ರೇ, ಇವ ರೆಯೆಸ್.

ಮುತ್ಯಾ: ಪತ್ತೇದಾರಿನಾ? ಮೊದಲೇ ಹೇಳಬಾರದಾ? ಎಲ್ಲಿತನ ಬಂದದ?

ಮೊಮ್ಮಗಳು: ಪುಸ್ತಕ ಅಲ್ಲ, ಆಟ. ‘ಥಿಂಬಲ್‌ವೀಡ್ ಪಾರ್ಕ್’ ಅಂತ. 2017ರಾಗ ಬಂದದ್ದು. ಆದ್ರ ಕತಿ ನಡಿಯೋದು 1987ರಾಗ. ಹಾಳು ಸುರಿಯೋ ಊರು, ಇರೋರು 80 ಮಂದಿ. ಒಂದು ದೆವ್ವದ ಹೋಟೆಲ್, ಒಂದು ಮುಚ್ಚಿದ ಸರ್ಕಸ್, ಒಂದು ಸುಟ್ಟ ದಿಂಬಿನ ಕಾರ್ಖಾನಿ.

ಮುತ್ಯಾ: ದಿಂಬಿಗೊಂದು ಕಾರ್ಖಾನಿ! ಆಡೋದು ಹ್ಯಾಂಗ?

ಮೊಮ್ಮಗಳು: ಇಲ್ಲಿ ಕೆಳಗ ನೋಡು. ಒಂಬತ್ತು ಮಾತು ಬರದಾರ. ತೆರಿ, ಮುಚ್ಚು, ಕೊಡು, ತಗೋ, ನೋಡು, ಮಾತಾಡು, ನೂಕು, ಎಳಿ, ಬಳಸು. ಮೊದಲ ಒಂದು ಮಾತು ಒತ್ತಬೇಕು, ಆಮ್ಯಾಗ ಚಿತ್ರದಾಗಿನ ಒಂದು ವಸ್ತು ಒತ್ತಬೇಕು. ‘ತೆರಿ’ ಒತ್ತಿ ಬಾಗಿಲಾ ಒತ್ತಿದ್ರ ಆಕಿ ಹೋಗಿ ಬಾಗಿಲಾ ತೆರಿತಾಳ.

ಮುತ್ಯಾ: ಕ್ರಿಯಾಪದ, ಕರ್ಮಪದ. ನಲವತ್ತು ಮಕ್ಕಳ ತಲಿಗಿ ಇದನ್ನ ತುಂಬಲಾಕ ನನ್ನ ಗಂಟಲು ಹರಿದು ಹೋಗ್ಯಾದ. ಇವರು ಆಟ ಮಾಡ್ಯಾರ.

ಮೊಮ್ಮಗಳು: ಅದು ಹಳೇ ಪದ್ಧತಿ. ರಾನ್ ಗಿಲ್ಬರ್ಟ್, ಗ್ಯಾರಿ ವಿನ್ನಿಕ್ ಅಂತ ಇಬ್ಬರು 1987ರಾಗ ‘ಮೇನಿಯಾಕ್ ಮ್ಯಾನ್ಷನ್’ ಮಾಡಿದ್ರು. ಅದಕ್ಕಿಂತ ಮುಂಚೆ ಇಂಥ ಬಹಳಷ್ಟು ಆಟದಾಗ ಎಲ್ಲ ಟೈಪ್ ಮಾಡಬೇಕಿತ್ತು. ನೀ ‘ಕದಾ ತೆರಿ’ ಅಂತ ಹೊಡದ್ರ ಕಂಪ್ಯೂಟರ್‌ಗೆ ‘ಬಾಗಿಲಾ’ ಅಷ್ಟೇ ಗೊತ್ತಿರ್ತಿತ್ತು, ತಿಳೀಲಿಲ್ಲ ಅಂತ ತಿರುಗಿ ಹೇಳ್ತಿತ್ತು. ಇವರು ಟೈಪ್ ಮಾಡೋದು ತೆಗದು, ಮಾತುಗಳನ್ನೇ ಪರದೆ ಮ್ಯಾಲ ಬರದಿಟ್ಟರು. ಮೂವತ್ತು ವರ್ಷ ಆದ ಮ್ಯಾಲ ಅದೇ ಇಬ್ಬರು, ಆ ಹಳೇ ಆಟದ ಧಾಟ್ಯಾಗ ಇದನ್ನ ಮಾಡಿದ್ರು. ಆಟ ತಯಾರಾಗೋ ಮೊದಲೇ, 2014ರಾಗ, ಮಂದಿ 6,26,250 ಡಾಲರ್ ವಂತಿಗಿ ಕೊಟ್ಟಾರ.

ಮುತ್ಯಾ: ಕಾಣದ ಆಟಕ್ಕ ರೊಕ್ಕ?

ಮೊಮ್ಮಗಳು: ಸಣ್ಣವರಿದ್ದಾಗ ಆಡಿದ ಆಟದ ನೆನಪಿಗಿ. ಈ ಆಟದಾಗ ಒಂದು ಲೈಬ್ರರಿ ಅದ ಮುತ್ಯಾ. ಕಪಾಟಿನಾಗಿನ ಪುಸ್ತಕ ತೆಗದು ಓದಬಹುದು. ಅವನ್ನ ಬರದವರು ವಂತಿಗಿ ಕೊಟ್ಟ ಮಂದಿ. ಊರಿನ ಟೆಲಿಫೋನ್ ಡೈರೆಕ್ಟರಿ ತುಂಬ ಅವರದೇ ಹೆಸರು.

ಮುತ್ಯಾ: ಈ ಒಂದು ಮಾತು ಛಂದ ಆತು. ನಮ್ಮ ಎನ್. ನರಸಿಂಹಯ್ಯನವರಿಗೂ ಅಂಥ ಮಂದಿ ಇದ್ದರು. ಡೈರೆಕ್ಟರಿ ಒಂದು ಇರಲಿಲ್ಲ. ನಾಲ್ಕನೇ ಕ್ಲಾಸಿಗಿ ಸಾಲಿ ಬಿಟ್ಟ ಮನಷ್ಯಾ ಐನೂರರ ಮ್ಯಾಲ ಪತ್ತೇದಾರಿ ಕಾದಂಬರಿ ಬರದರು. ಅವರ ಪತ್ತೇದಾರರು ಪುರುಷೋತ್ತಮ, ಮಧುಸೂದನ, ಅರಿಂಜಯ ಅಂದ್ರ ನಮಗ ಮನಿ ಅಳಿಯಂದಿರ ಹೆಸರು ಹೇಳಿದಂಗ. ಹುಮನಾಬಾದಿಗಿ ಸಂತಿಗಿ ಹೋದವ ಒಬ್ಬ ತಂದ್ರ ಊರಾಗ ಓದಲಾಕ ಪಾಳಿ ಹಚ್ಚತಿದ್ವಿ. ದೊಡ್ಡ ಸಾಹಿತಿಗಳು ಮೂಗು ಮುರೀಲಿ, ಓದೋ ಚಟ ಹಚ್ಚಿದವರು ಅವರು.

ಮೊಮ್ಮಗಳು: ನಿಮ್ಮಪ್ಪನೂ ಓದ್ತಿದ್ನಾ?

ಮುತ್ಯಾ: ಅವನು ಕನ್ನಡ ಓದ್ತಿರಲಿಲ್ಲ. ನಿಜಾಮರ ಕಾಲದ ಸಾಲಿ, ಎಲ್ಲ ಉರ್ದು. ಅವನ ತಲಿದಿಂಬಿನ ಕೆಳಗ ಇಬ್ನೆ ಸಫೀ ಪತ್ತೇದಾರಿ ಕಾದಂಬರಿ. 1952ರಾಗ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಸುರು ಆತಲ್ಲ, ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್, ಅದು. ಒಂದೇ ಕಂದೀಲಿನ ಬೆಳಕಿನಾಗ ಅಪ್ಪ ಉರ್ದುದಾಗ ಕಳ್ಳನ್ನ ಹಿಡಿತಿದ್ದ, ನಾ ಕನ್ನಡದಾಗ.

ಮೊಮ್ಮಗಳು: ಹಿಡಿದವ ಪುರುಷೋತ್ತಮ ಮುತ್ಯಾ. ನೀ ಅವನ ಮೋಟರ್‌ಸೈಕಲ್ ಹಿಂದ ಕುಂತು ಹೋಗಿದ್ದಿ, ಅಷ್ಟೇ.

ಮುತ್ಯಾ: ಹಿಂದ ಕುಂತವನಿಗಿ ತಲಿ ಇರಲ್ಲೇನು? ನಡುವ ಪುಸ್ತಕ ಮುಚ್ಚಿಟ್ಟು ಹೊಲದಾಗ ಅಡ್ಡಾಡಕೋತ ಲೆಕ್ಕ ಹಾಕ್ತಿದ್ದೆ. ಆಳುಮಗ ಇರಬಹುದು, ಇಲ್ಲಾ ಸೋದರಮಾವ ಇರಬಹುದು ಅಂತ. ಆ ಸಂಶಯ ನಂದು. ಅದನ್ನ ನರಸಿಂಹಯ್ಯನವರು ಕೊಟ್ಟಿರಲಿಲ್ಲ.

ಮೊಮ್ಮಗಳು: ಲೆಕ್ಕ ತಪ್ಪಿದ್ರೂ ಮುಂದಿನ ಪುಟ ತೆರಿತಿತ್ತು. ಲೆಕ್ಕ ಹಾಕಿದವನಿಗೂ ಹಾಕದವನಿಗೂ ಅದೇ ಕೊನಿ ಪುಟ ಸಿಗತಿತ್ತು. ಆಟದಾಗ ಹಂಗಿಲ್ಲ. ನನಗ ತಿಳಿಯೋತನ ಕತಿ ಅಲ್ಲೇ ನಿಂದ್ರತದ.

ಮುತ್ಯಾ: ತಿಳಿಯೋತನ ಅಂತಿ. ಮುಂಜಾನಿಯಿಂದ ನೋಡ್ಲತ್ತೀನಿ. ಚೀಲದಾಗಿನ ಸಾಮಾನೆಲ್ಲ ಒಂದೊಂದಾಗಿ ಆ ಬಾಗಿಲಿಗಿ ತಿಕ್ಕಲತ್ತಿ. ಯಾವುದೋ ಒಂದು ತೆರಿತದ. ಅದರಾಗ ತಿಳಿಯೋದೇನು ಬಂತು?

ಏಟು ಸರಿಯಾದ ಜಾಗಕ್ಕೇ ಬಿದ್ದಿತ್ತು. ಈ ಜಾತಿಯ ಆಟಗಳ ಮೇಲಿನ ಅತಿ ಹಳೆಯ ದೂರು ಇದೇ. ಮೊಮ್ಮಗಳು ಅದನ್ನು ತಳ್ಳಿಹಾಕಲು ಹೋಗಲಿಲ್ಲ.

ಮೊಮ್ಮಗಳು: ಖರೇ ಅದ. ಗಿಲ್ಬರ್ಟ್ ತಾನೇ 1989ರಾಗ ಒಂದು ಲೇಖನ ಬರದು, ಸಾಹಸದ ಆಟಗಳು ಯಾಕ ಹಾಳಾಗ್ಯಾವ ಅಂತ ಬಯ್ದಾನ. ಆದ್ರೂ ಮಂದಿ ಕಲೀಲಿಲ್ಲ. 1999ರ ಒಂದು ಪತ್ತೇದಾರಿ ಆಟ ಅದ, ‘ಗೇಬ್ರಿಯಲ್ ನೈಟ್’ ಮೂರನೇದು. ಹೀರೋಗ ಒಂದು ಮೋಟರ್‌ಸೈಕಲ್ ಬಾಡಿಗಿಗಿ ಬೇಕು. ಗೆಳೆಯನ ಹೆಸರಿನಾಗ ತಗೋಬೇಕು, ಅದ್ಕ ಅವನಂಗ ವೇಷ ಹಾಕಬೇಕು. ಬೆಕ್ಕಿನ ಕೂದಲಾ ಕಿತ್ತು, ಪಾಕದಿಂದ ಅಂಟಿಸಿ ಮೀಸಿ ಮಾಡ್ಕೋಬೇಕು.

ಮುತ್ಯಾ: ಗೆಳೆಯನ ಮೀಸಿ ದೊಡ್ಡದಿತ್ತೇನು?

ಮೊಮ್ಮಗಳು: ಗೆಳೆಯನಿಗಿ ಮೀಸಿನೇ ಇಲ್ಲ. ಅವನ ಪಾಸ್‌ಪೋರ್ಟ್ ಫೋಟೋದ ಮ್ಯಾಲ ಪೆನ್ನಿನಿಂದ ಮೀಸಿ ಬರೀಬೇಕು.

(ಮುತ್ಯಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು.)

ಮುತ್ಯಾ: ಇದನ್ನ ಬರದವ ನಮ್ಮ ಬಳಗದವ. ನಮ್ಮ ಪತ್ತೇದಾರರೂ ಹುಸಿ ಮೀಸಿ ಹಚ್ಚಕೊಂಡು ಕಳ್ಳರ ಗುಂಪಿನಾಗ ಹೊಗತಿದ್ರು. ಮೀಸಿ ಒಂದು ಬಂತಂದ್ರ ಹೆತ್ತ ತಾಯಿನೂ ಗುರುತು ಹಿಡಿತಿರಲಿಲ್ಲ.

ಮೊಮ್ಮಗಳು: ನೀ ಓದಕೋತ ಒಪ್ಪಿದಿ. ಆಟದಾಗ ಆ ಮೀಸಿ ನಾನೇ ಹೊಳಿಸಬೇಕು. ಬರದವನ ತಲಿ ಎಲ್ಲಿ ಕೆಟ್ಟದ ಅಂತ ಊಹಿಸೋದು ಪತ್ತೇದಾರಿ ಅಲ್ಲ. ಅಲ್ಲಿ ನೀ ಹೇಳಿದ್ದು ಖರೇ.

ಮುತ್ಯಾ: ಇನ್ನೊಂದು ಕೇಳ್ತೀನಿ. ನಿನ್ನ ಚೀಲದಾಗ ಅಷ್ಟು ಸಾಮಾನು ಎಲ್ಲಿಂದ ಬಂತು?

ಮೊಮ್ಮಗಳು: ಸಿಕ್ಕಿದ್ದೆಲ್ಲ ತಗೋಬೇಕು. ಅದು ಇಂಥ ಆಟದ ರಿವಾಜು. ಒಬ್ಬರ ಮನ್ಯಾಗಿನ ಪುಸ್ತಕ, ಇನ್ನೊಬ್ಬರ ಅಂಗಡ್ಯಾಗಿನ ಡಬ್ಬಿ. ಯಾವಾಗ ಏನು ಉಪಯೋಗ ಬರ್ತದೋ.

ಮುತ್ಯಾ: ಹೇಳದೇ ಕೇಳದೇ?

ಮೊಮ್ಮಗಳು: ಹೇಳದೇ ಕೇಳದೇ.

ಮುತ್ಯಾ: ಹಂಗಿದ್ರ ಕಲ್ಯಾಣದ ಕಾನೂನಿನ ಪ್ರಕಾರ ಮೊದಲ ಒಳಗ ಹೋಗೋಳು ನೀನೇ. ಇಲ್ಲೇ ಬಗಲಾಗಿನ ಬಸವಕಲ್ಯಾಣ, ಆರನೇ ವಿಕ್ರಮಾದಿತ್ಯನ ರಾಜಧಾನಿ. 1076ರಿಂದ 1126ರತನ ಆಳಿದ. ಅವನ ಆಸ್ಥಾನದಾಗ ವಿಜ್ಞಾನೇಶ್ವರ ಕುಂತು ‘ಮಿತಾಕ್ಷರಾ’ ಬರದ. ಆಸ್ತಿ ಪಾಲಿನ ವ್ಯಾಜ್ಯ ಬಂತಂದ್ರ ವಕೀಲರು ಇವತ್ತಿಗೂ ಆ ಹೆಸರು ಎತ್ತತಾರ. ಮಂದಿಗಿ ಅಷ್ಟೇ ಗೊತ್ತು. ಅದು ಯಾಜ್ಞವಲ್ಕ್ಯ ಸ್ಮೃತಿಗಿ ಬರದ ವ್ಯಾಖ್ಯಾನ, ಅದರಾಗ ಕಳ್ಳನ್ನ ಹಿಡಿಯೋ ಅಧ್ಯಾಯನೂ ಅದ. ಕದ್ದ ಮಾಲು ಕೈಯಾಗ ಸಿಕ್ಕರ ಹಿಡಿ, ಹೆಜ್ಜಿ ಗುರುತು ಯಾರ ಕಡಿ ಹೋಗ್ಯಾವೋ ಅವನ್ನ ಹಿಡಿ ಅಂತದ.

ಮೊಮ್ಮಗಳು: ಹೆಜ್ಜಿ ಗುರುತಾ? ಆ ಕಾಲಕ್ಕ?

ಮುತ್ಯಾ: ಕೊಲಿ ಬಗ್ಗಿ ಇನ್ನೂ ಛಂದ ಅದ. ಕೊಂದವರು ಯಾರು ಅಂತ ಗೊತ್ತಿಲ್ಲ, ಹೆಣ ಬಿದ್ದದ. ಆಗ ಏನು ಮಾಡಬೇಕು? ಸತ್ತವನ ಮಕ್ಕಳಿಗಿ, ಬಳಗಕ್ಕ ಕೇಳಬೇಕು, ಯಾರ ಜೋಡಿ ಜಗಳ ಇತ್ತು ಅಂತ. ಹೆಣ್ಣಿನ ವ್ಯವಹಾರ ಇತ್ತೇನು, ರೊಕ್ಕದ್ದಿತ್ತೇನು, ಹೊಟ್ಟಿಪಾಡಿನದಿತ್ತೇನು ಅಂತ ತೆಗೀಬೇಕು. ಕೊನಿಗಿ ಯಾರ ಸಂಗಾಟ ಹೋಗಿದ್ದ ಅಂತ ಹುಡುಕಬೇಕು. ಸತ್ತ ಜಾಗದ ಆಜೂಬಾಜೂ ಇರೋ ಮಂದೀನ ಕೇಳಬೇಕು. ಅಲ್ಲೊಂದು ಮಾತು ಇಟ್ಟಾರ ನೋಡು, ಮೆಲ್ಲಗ ಕೇಳಬೇಕು ಅಂತ.

ಮೊಮ್ಮಗಳು: ಮುತ್ಯಾ, ಇದು ಬರೋಬ್ಬರಿ ನನ್ನ ಆಟ. ಒಬ್ಬೊಬ್ಬರ ಹತ್ತಿರ ಹೋಗಿ ‘ಮಾತಾಡು’ ಒತ್ತಿದ್ರ ನಾಲ್ಕು ಪ್ರಶ್ನಿ ಬರ್ತಾವ. ಒಂದು ಕೇಳಿದ್ರ ಅದರಿಂದ ಮತ್ತ ಮೂರು ಹುಟ್ಟತಾವ. ಒಂಬೈನೂರು ವರ್ಷದ ಹಿಂದ ವಿಜ್ಞಾನೇಶ್ವರ ಆಟದ ನಕ್ಷಿ ಬರದಿಟ್ಟಾನ.

ಮುತ್ಯಾ: ಅವಸರ ಮಾಡಬ್ಯಾಡ. ‘ಮೆಲ್ಲಗ’ ಅನ್ನೋದು ನಿನ್ನ ಆಟದಾಗ ಎಲ್ಲದ? ನೀ ಆ ಪೊಲೀಸಪ್ಪನ್ನ ಅದೇ ಪ್ರಶ್ನಿ ಎಷ್ಟು ಸಲ ಕೇಳಿದಿ? ಅವ ಸಿಟ್ಟಿಗೇಳಲಿಲ್ಲ, ಬಾಯಿ ಮುಚ್ಚಲಿಲ್ಲ, ಅದೇ ಉತ್ತರ ಅದೇ ದನಿಯಾಗ ಹೇಳಿದ. ಈ ದುಬಲಗುಂಡ್ಯಾಗ ಹೋಗಿ ಒಬ್ಬನ್ನ ‘ನಿನ್ನ ರಾತ್ರಿ ಎಲ್ಲಿದ್ದಿ’ ಅಂತ ಒಂದು ಸಲ ಕೇಳು. ನೀ ಮನಿ ಮುಟ್ಟೋದರೊಳಗ ನಿಮ್ಮವ್ವನ ಕಿವಿಗಿ ಬಿದ್ದಿರ್ತದ. ಸಂಶಯ ಪಡೋದಕ್ಕ ಬೆಲಿ ಅದ. ನಿನ್ನ ಆಟದಾಗ ಅದು ಪುಕ್ಕಟ.

ಮೊಮ್ಮಗಳು: ಕಾದಂಬರ್ಯಾಗ ಬೆಲಿ ಇತ್ತೇನು? ನೀ ಹೊಲದಾಗ ಅಡ್ಡಾಡಿ ಆಳುಮಗನ ಮ್ಯಾಲ ಸಂಶಯ ಪಟ್ಟಿ. ಅವಗೇನು ಗೊತ್ತಾತೇನು? ನೀ ಮೊದಲ ಆಳುಮಗನ್ನೇ ಯಾಕ ಹಿಡದಿ, ಮಾಲಕನ್ನ ಯಾಕ ಹಿಡೀಲಿಲ್ಲ?

(ಮುತ್ಯಾ ಉತ್ತರ ಕೊಡಲು ತಡಮಾಡಿದರು. ಎಲೆಡಿಕೆಯ ಡಬ್ಬಿ ತೆರೆದು ಮುಚ್ಚಿದರು.)

ಮೊಮ್ಮಗಳು: ಇನ್ನೊಂದು. ನಿನ್ನ ಕಲ್ಯಾಣದ ಪುಸ್ತಕದಾಗ ಬರೀ ಮಾಲು, ಹೆಜ್ಜಿ, ಇಷ್ಟೇ ಅದ ಏನು?

ಮುತ್ಯಾ: ಇಲ್ಲ. ಹಿಂದ ಕಳವು ಮಾಡಿದವನ್ನ ಹಿಡಿ, ಎಲ್ಲಿರ್ತಾನ ಅಂತ ಗೊತ್ತಿಲ್ಲದವನ್ನ ಹಿಡಿ ಅಂತನೂ ಅದ. ಕೇಳಿದ್ರ ಬಾಯಿ ಒಣಗಿದವನ್ನ, ದನಿ ಬದಲಾದವನ್ನ ಸಂಶಯದ ಮ್ಯಾಲ ಹಿಡಿ ಅಂತದ.

ಮೊಮ್ಮಗಳು: ಪೊಲೀಸ್ ಕಂಡ್ರ ಬಡವರ ಬಾಯಿ ಒಣಗದೇ ಯಾರ ಬಾಯಿ ಒಣಗತದ?

ಮುತ್ಯಾ: ಅದ್ಕೇ ನಮ್ಮಲ್ಲಿ ಮಾಂಡವ್ಯ ಋಷಿ ಕತಿ ಅದ. ಕಳ್ಳರು ಮಾಲು ಒಯ್ದು ಅವನ ಆಶ್ರಮದಾಗ ಮುಚ್ಚಿಟ್ಟರು. ಅವ ಮೌನದಾಗಿದ್ದ. ರಾಜ ಶೂಲಕ್ಕ ಹಾಕಿಸಿದ. ಕಾನೂನು ಬರದವರಿಗಿ ಕಾನೂನು ತಪ್ಪತದ ಅಂತ ಗೊತ್ತಿತ್ತು.

ಮೊಮ್ಮಗಳು: ಗೊತ್ತಿದ್ದೂ ಬರದರು. ನನ್ನ ಆಟದಾಗೂ ಅದೇ ಆಗ್ಯಾದ ನೋಡು. ಏಜೆಂಟರು ರಕ್ತ, ಬೆರಳ ಗುರುತು, ಮುಖದ ಫೋಟೋ ಕೂಡಿಸಿ ಮಷಿನ್‌ಗೆ ಹಾಕ್ತಾರ. ಮಷಿನ್ ಹೆಸರು ಉಗುಳತದ. ಯಾರದು ಅಂತಿ? ಊರಿನ ಕುಡುಕಂದು. ಹಿಡದು ಒಳಗ ಹಾಕ್ತಾರ.

ಮುತ್ಯಾ: ಖರೇ ಕೊಂದವ ಅವನೇನು?

ಮೊಮ್ಮಗಳು: ಅಲ್ಲೇ ಮಜಾ ಅದ. ಅದನ್ನ ಆಮ್ಯಾಗ ಯಾರೂ ಕೇಳಲ್ಲ. ಏಜೆಂಟರಿಗಿ ತಮ್ಮ ತಮ್ಮ ಗುಟ್ಟಿನ ಕೆಲಸ ಇರ್ತಾವ. ಆಡಲಾಕ ಇನ್ನೂ ಮೂವರು ಬರ್ತಾರ. ಶಾಪ ತಟ್ಟಿ ಮುಖದ ಬಣ್ಣ ಹೋಗದ ಒಬ್ಬ ಕೋಡಂಗಿ, ಆಟ ಮಾಡೋಳು ಆಗಬೇಕಂತ ಕನಸು ಕಾಣೋ ಹುಡುಗಿ, ದೆವ್ವ ಆದ ಅವರಪ್ಪ. ಕತಿ ಎಲ್ಲೆಲ್ಲೋ ಹೋಗ್ತದ. ಹೆಣ ಸೇತುವಿ ಕೆಳಗೇ ಉಳಿತದ.

ಮುತ್ಯಾ: ಏನಂದಿ? ಕೊಲಿ ಬಗೆಹರಿಯಲ್ಲ?

ಮೊಮ್ಮಗಳು: ನೀ ಅಂದಂಗ ಬಗೆಹರಿಯಲ್ಲ.

ಮುತ್ಯಾ: ಇದು ಓದುಗನಿಗಿ ಮಾಡಿದ ದ್ರೋಹ! ಹೆಣ ತೋರಿಸಿ ಕರದ ಮ್ಯಾಲ ಕೊಂದವನ್ನ ತೋರಿಸಲೇಬೇಕು. ನರಸಿಂಹಯ್ಯನವರು ನೂರು ತಪ್ಪು ಮಾಡಿರಬಹುದು, ಈ ಸಾಲ ಒಂದನ್ನೂ ಉಳಿಸಿಕೊಂಡವರಲ್ಲ. ಕೊನಿ ಅಧ್ಯಾಯದಾಗ ಎಲ್ಲಾರನ್ನೂ ಕುಂಡ್ರಿಸಿ ಒಂದೊಂದು ಎಳಿ ಬಿಡಿಸಿ ಹೇಳ್ತಿದ್ರು.

ಮೊಮ್ಮಗಳು: ನನಗೂ ಸಿಟ್ಟು ಬಂದಿತ್ತು. ಆಮ್ಯಾಗ ಅನಿಸ್ತು, ಹೆಣ ಬರೀ ನೆಪ ಆಗಿದ್ರ ಏನಾತು? ಆ ನೆಪದಾಗ ಊರೆಲ್ಲ ಅಡ್ಡಾಡಿದೆ, 80 ಮಂದಿ ಪೈಕಿ ಯಾರ್ಯಾರ ಮನ್ಯಾಗ ಏನೇನು ಸುಡ್ಲತ್ತದ ಅಂತ ತಿಳೀತು. ಕೊಲೆಗಾರನ ಹೆಸರು ಗೊತ್ತಾಗಿದ್ರ ಅಷ್ಟೇ ಗೊತ್ತಾಗ್ತಿತ್ತು.

ಮುತ್ಯಾ: ನೆಪಕ್ಕ ಒಬ್ಬನ್ನ ಸಾಯಿಸಬೇಕಾ?

ಇಲ್ಲಿಗೆ ಚಹಾ ಬಂತು. ಹೆಣಕ್ಕೆ ಸಲ್ಲಬೇಕಾದ ನ್ಯಾಯದ ಬಗ್ಗೆ ಮುತ್ಯಾ ಹೇಳಿದ್ದು ನನ್ನ ಮಟ್ಟಿಗೆ ಈ ಮಧ್ಯಾಹ್ನದ ಅತ್ಯಂತ ಗಟ್ಟಿ ಮಾತು. ಆದರೆ ಪತ್ತೇದಾರಿ ಕಾದಂಬರಿಗಳಲ್ಲೂ ಸತ್ತವನಿಗಾಗಿ ಅತ್ತವರು ಕಡಿಮೆ, ಮೊದಲ ಪುಟದ ಹೆಣ ಅಲ್ಲಿಯೂ ಒಂದು ನೆಪವೇ ಎಂಬುದನ್ನು ಮೊಮ್ಮಗಳು ಹೇಳಲು ಮರೆತಳು.

ಮೊಮ್ಮಗಳು: ಆಟ ಮಾಡೋ ಒಂದು ಚಮತ್ಕಾರ ಕಾದಂಬರಿಗಿ ಆಗಲ್ಲ. 1983ರಾಗ ಜಪಾನಿನ ಯುಜಿ ಹೋರಿ ‘ಪೋರ್ಟೋಪಿಯಾ’ ಅಂತ ಒಂದು ಕೊಲಿ ಆಟ ಮಾಡಿದ. ಅದರಾಗ ನೀ ಸಾಹೇಬ. ನಿನ್ನ ಕೈಕೆಳಗ ಯಾಸು ಅಂತ ಒಬ್ಬ. ಅಲ್ಲಿ ಹುಡುಕು, ಇವನ್ನ ಕೇಳು ಅಂತ ನೀ ಹೇಳ್ತಿ, ಅವ ಮಾಡ್ತಾನ. ಕೊನಿಗಿ ನೋಡಿದ್ರ ಕೊಲೆಗಾರ ಯಾಸುನೇ. ಆಟ ಪೂರ್ತಿ ನಿನ್ನ ಕೈಯಾಗಿ ಇದ್ದವ.

ಮುತ್ಯಾ: ಕೊಲೆಗಾರನ್ನ ಹೇಳಿಬಿಟ್ಟಿ! ಪತ್ತೇದಾರಿ ಓದೋರಿಗಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಇರಲಿ, ನಾನೂ ಹೇಳ್ತೀನಿ. ಅಗಾಥಾ ಕ್ರಿಸ್ಟಿ 1926ರಾಗ ರೋಜರ್ ಆಕ್ರಾಯ್ಡ್ ಕೊಲಿ ಬರದಳಲ್ಲ, ಅದರಾಗ ಕೊಂದವ ಕತಿ ಹೇಳೋನೇ. ಓದೋನ ಕಿವಿಯಾಗ ಕುಂತವ. ನಿನ್ನ ಜಪಾನಿನವ ಅಲ್ಲಿಂದ ಎತ್ಯಾನ ಅಂತ ನಾ ಹೇಳಲ್ಲ, ಆದ್ರ ಅವನಕಿಂತ ಮೊದಲೇ ಈ ಹಾದಿ ತುಳದವಳು ಆಕಿ.

ಮೊಮ್ಮಗಳು: ಆಟದವರು ಕ್ರಿಸ್ಟಿ ಋಣದಾಗ ಮೊದಲೇ ಹಾರ. ಚಿತ್ರ ಇಟ್ಟು ಮಾಡಿದ ಮೊದಲನೇ ಸಾಹಸದ ಆಟ 1980ರ ‘ಮಿಸ್ಟರಿ ಹೌಸ್’. ರೊಬರ್ಟಾ ವಿಲಿಯಮ್ಸ್ ಅನ್ನೋಳು ಮನ್ಯಾಗ ಕುಂತು ಕತಿ, ಚಿತ್ರ ಮಾಡಿದಳು, ಗಂಡ ಕೆನ್ ಪ್ರೋಗ್ರಾಮ್ ಬರದ. ಒಂದು ಮನಿ, ಅದರಾಗ ಒಬ್ಬೊಬ್ಬರೇ ಸಾಯ್ತಾರ. ಕ್ರಿಸ್ಟಿಯ ದ್ವೀಪದ ಕಾದಂಬರಿ ಓದಿ ಹೊಳದದ್ದು.

ಮುತ್ಯಾ: ನೋಡಿದ್ಯಾ? ಬೇರು ಪುಸ್ತಕದಾಗದ.

ಮೊಮ್ಮಗಳು: ಬೇರು ಪುಸ್ತಕದಾಗ ಇರಲಿ. ಈಗ ಹಣ್ಣು ನೋಡು. ಬಾಗಿಲಿಗಿ ಸಾಮಾನು ತಿಕ್ಕೋ ಆಟ ಅಂದ್ಯಲ್ಲ, ಅದ್ಕ ಉತ್ತರ ಬಂದದ. 2018ರಾಗ ಲುಕಾಸ್ ಪೋಪ್ ಒಬ್ಬನೇ ಕುಂತು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಮಾಡಿದ. 1807. ಈಸ್ಟ್ ಇಂಡಿಯಾ ಕಂಪನಿ ಹಡಗು ಒಂದು, ಕಳಕೊಂಡಿದ್ದು, ತಿರುಗಿ ಬಂದದ. ಜೀವಂತ ಒಬ್ಬರಿಲ್ಲ. 60 ಮಂದಿ ಯಾರು, ಹ್ಯಾಂಗ ಸತ್ತರು ಅಥವಾ ಎಲ್ಲಿಗಿ ಹೋದರು ಅಂತ ನೀ ಕಂಪನಿ ಪುಸ್ತಕದಾಗ ಬರೀಬೇಕು. ಬಹಳಷ್ಟು ಖಲಾಸಿಗಳ ಹೆಸರು ಯಾರೂ ಹೇಳಲ್ಲ. ತೂಗು ಹಾಸಿಗಿ ನಂಬರು, ಮಾತಿನ ಧಾಟಿ, ಯಾರ ಬಾಜೂ ಯಾರು ನಿಂತಾರ, ಇವನ್ನ ನೋಡಿ ತಿಳೀಬೇಕು. ಮೂರು ಮಂದಿದು ಬರೋಬ್ಬರಿ ಆದಾಗ ಮಾತ್ರ ಆಟ ಸರಿ ಅಂತದ. ಒಂದೊಂದಾಗಿ ಗುಂಡು ಹೊಡೀಲಾಕ ಬರಲ್ಲ.

ಮುತ್ಯಾ: ಇದು ಲೆಕ್ಕ ತಪಾಸಣಿ. ಆದ್ರ ಬುದ್ಧಿ ಅದ.

ಮೊಮ್ಮಗಳು: ಆ ಆಟ ಆಡಿ ಮನಸೋತ ಲಾಟ್ವಿಯಾದ ಇಬ್ಬರು ಅಣ್ಣತಮ್ಮರು 2022ರಾಗ ‘ಗೋಲ್ಡನ್ ಐಡಲ್’ ಮಾಡಿದ್ರು. ಒಂದು ಸಾವಿನ ಚಿತ್ರ ಇರ್ತದ, ನಿಂತುಹೋದ ಕ್ಷಣ. ಕಿಸೆ ತಡವು, ಕಾಗದ ಓದು, ಹೆಸರು, ಶಬ್ದ ಕೂಡಿಸು. ಆಮ್ಯಾಗ ಒಂದು ಕಾಗದ ಬರ್ತದ. ಖಾಲಿ ಜಾಗದಾಗ ಶಬ್ದ ಹಾಕಬೇಕು. ಇಂಥವ ಇಂಥವನ್ನ ಇಂಥದ್ದಕ್ಕಾಗಿ ಇಂಥದ್ದರಿಂದ ಕೊಂದ ಅಂತ.

ಮುತ್ಯಾ: ಬಿಟ್ಟ ಸ್ಥಳ ತುಂಬಿರಿ! ಅರೇ, ಮೂವತ್ತು ವರ್ಷ ಪ್ರಶ್ನಪತ್ರಿಕೆ ತೆಗದವ ನಾ. ನನಗ್ಯಾರೂ ಡಾಲರ್ ಕೊಡಲಿಲ್ಲ.

ಮೊಮ್ಮಗಳು: ನಗಬ್ಯಾಡ. ಅಲ್ಲಿ ತಿಕ್ಕಿ ನೋಡೋದು ನಡಿಯಲ್ಲ. ತಪ್ಪು ಎರಡಕ್ಕ ಇಳಿಯೋತನ ಹತ್ತಿರ ಬಂದಿ ಅಂತ ಸುಳಿವೂ ಕೊಡಲ್ಲ.

ಮುತ್ಯಾ: ಅದನ್ನ ಕನ್ನಡದಾಗ ಮಾಡಲಾಕ ಬರಲ್ಲ ನೋಡು. ‘ಖಾಲಿ ಜಾಗ ಕೊಂದಳು’ ಅಂತ ಬರದ್ರ ಅರ್ಧ ಊರು ಆಗಲೇ ನಿರಪರಾಧಿ ಆತು. ನಮ್ಮ ಕ್ರಿಯಾಪದನೇ ಚಾಡಿ ಹೇಳ್ತದ. ಕನ್ನಡದಾಗ ಪತ್ತೇದಾರಿ ಬರಿಯೋರಿಗಿ ಇದು ದಿನದ ಪೀಡಿ. ಕೊನಿತನ ‘ಕೊಂದವರು’ ಅಂತ ಕೊಲೆಗಾರನಿಗೂ ಮರ್ಯಾದಿ ಕೊಟ್ಟು ಬರೀಬೇಕು.

ಮೊಮ್ಮಗಳು: ಹಂಗಾದ್ರ ಕನ್ನಡದಾಗ ಆಟ ಮಾಡಿದ್ರ ಅದೇ ಸುಳಿವು! ಒಬ್ಬ ಸಾಕ್ಷಿ ಬಾಯಿ ತಪ್ಪಿ ‘ಬಂದ್ಲು’ ಅಂತಾನ, ಆಮ್ಯಾಗ ‘ಬಂದ್ರು’ ಅಂತ ತಿದ್ದತಾನ. ಇಂಗ್ಲಿಷಿನಾಗ ಅಷ್ಟು ಸಣ್ಣದು ಅಡಗಸಲಾಕ ಬರಲ್ಲ. ಅದೂ ನಮ್ಮ ಕಡಿ ಆದ್ರ ಒಬ್ಬ ಮರಾಠಿ, ಒಬ್ಬ ಉರ್ದು, ಒಬ್ಬಾಕಿ ತೆಲುಗು. ಯಾರ ಮುಂದ ಯಾವ ಭಾಷಿ ಆಡಿದ ಅನ್ನೋದೇ ಒಂದು ಸುಳಿವು.

ಮುತ್ಯಾ: ಮಾಡ್ಯಾರೇನು ಯಾರಾದ್ರೂ, ನಮ್ಮ ದೇಶದಾಗ?

ಮೊಮ್ಮಗಳು: ಅಹಮದಾಬಾದಿನ ಮಸಾಲಾ ಗೇಮ್ಸ್‌ನವರು ‘ಡಿಟೆಕ್ಟಿವ್ ಡಾಟ್ಸನ್’ ಅಂತ ಮಾಡ್ಯಾರ. ನಮ್ಮ ದೇಶದ ಓಣಿ, ನಮ್ಮ ಮಂದಿ. ದುಬಲಗುಂಡಿದು ನಾ ಮಾಡ್ತೀನಿ. ಕೊಲಿ ಬ್ಯಾಡ. ಮದುವಿ ಮನಿ, ಬಂಗಾರದ ಸರ ಕಳದದ.

ಮುತ್ಯಾ: ಬೀಗರು ಎಲ್ಲಿಯವರು?

ಮೊಮ್ಮಗಳು: ಉಮರ್ಗಾ ಕಡಿಯವರು. ಹೈದರಾಬಾದಿನ ಹೆದ್ದಾರಿ ಹಿಡದು ಗಾಡಿ ಮಾಡ್ಕೊಂಡು ಬಂದಾರ. ಬಾಜಾ ಭಜಂತ್ರಿಯವರು, ಅಡಗಿಯವರು, ಬಾಂಡೆ ತೊಳಿಯೋರು, ಬಳಗ. ಬರಿಯೋದು ನಿಂದು, ಪ್ರೋಗ್ರಾಮ್ ನಂದು.

ಮುತ್ಯಾ: ನಾ ಮೊದಲನೇ ಅಧ್ಯಾಯದಾಗ...

ಮೊಮ್ಮಗಳು: ಅಧ್ಯಾಯ ಇಲ್ಲ. ಆಡೋರು ಮೊದಲ ಅಡಗಿಮನಿಗಿ ಹೋಗಬಹುದು, ಇಲ್ಲಾ ಮಂಟಪಕ್ಕ ಹೋಗಬಹುದು. ಯಾವ ಹಾದಿಲಿಂದ ಬಂದ್ರೂ ಸುಳಿವು ಕೂಡಬೇಕು. ಕೊನಿ ಬಾಗಿಲಿನಿಂದ ಹಿಂದಕ್ಕ ಲೆಕ್ಕ ಹಾಕಬೇಕು. ಇದು ತೆರಿಲಾಕ ಏನು ಬೇಕು, ಅದು ಸಿಗಲಾಕ ಮತ್ತೇನು ಬೇಕು ಅಂತ. ಗಿಲ್ಬರ್ಟ್ ಅದ್ಕೊಂದು ನಕ್ಷಿ ಹಾಕ್ತಾನ.

ಮುತ್ಯಾ: ಪತ್ತೇದಾರಿ ಕಾದಂಬರಿನೂ ಹಿಂದಿನಿಂದಲೇ ಬರಿಯೋದು. ಕಳ್ಳ ಯಾರು ಅಂತ ಬರಿಯೋನಿಗಿ ಮೊದಲೇ ಗೊತ್ತಿರಬೇಕು. ನನಗ ಈಗಲೇ ಗೊತ್ತಾಗ್ಯಾದ.

ಮೊಮ್ಮಗಳು: ಹೇಳಬ್ಯಾಡ. ಆದ್ರ ಒಂದು ಷರತ್ತು. ಕಳ್ಳರು ಯಾರು ಅಂತ ಆಡೋನಿಗಿ ಗೊತ್ತಾದ ಮ್ಯಾಲ, ಹೇಳಬೇಕೋ ಬ್ಯಾಡೋ ಅಂತ ಅವನೇ ನಿರ್ಧಾರ ಮಾಡಬೇಕು.

ಮುತ್ಯಾ: ಅದು ಹ್ಯಾಂಗ? ಹೇಳಲೇಬೇಕು.

ಮೊಮ್ಮಗಳು: ನೀನೇ ಅಂದಿ, ಸಂಶಯಕ್ಕ ಬೆಲಿ ಅದ ಅಂತ. ಪುರುಷೋತ್ತಮ ಕಳ್ಳನ್ನ ಹಿಡದು ಮುಂದಿನ ಕಾದಂಬರಿಗಿ ಹೋಗಿಬಿಡ್ತಾನ. ನಮ್ಮ ಊರಿನ ಪತ್ತೇದಾರ ಎಲ್ಲಿಗಿ ಹೋಗಬೇಕು? ಮರುದಿನ ಅದೇ ಮನ್ಯಾಗ ಮಜ್ಜಿಗಿ ಕೇಳಲಾಕ ಹೋಗಬೇಕು. ಸರ ಸಿಕ್ಕ ಮ್ಯಾಲೂ ನನ್ನ ಆಟ ನಡಿತದ. ಯಾರು ಮಾತಾಡಸ್ತಾರ, ಯಾರು ಬಾಗಿಲಾ ಮುಂದ ಮಾಡ್ತಾರ, ಅದೆಲ್ಲ ಆಡಬೇಕು.

ಮುತ್ಯಾ: ಅದು ಪತ್ತೇದಾರಿ ಅಲ್ಲವ್ವ, ಸಂಸಾರ. ಅದನ್ನ ಎಲ್ಲಾರೂ ಪುಕ್ಕಟ ಮಾಡ್ಲತ್ತಾರ. ರೊಕ್ಕ ಕೊಟ್ಟು ಯಾರು ಆಡ್ತಾರ? ಮಂದಿ ಪತ್ತೇದಾರಿ ಯಾಕ ಓದ್ತಾರ ಅಂತಿ? ಊರಿನ ಗೋಜಲು ಯಾವುದೂ ಬಗೆಹರಿಯಲ್ಲ, ಇದೊಂದಾದ್ರೂ ನೂರು ಪುಟದಾಗ ಬಗೆಹರೀಲಿ ಅಂತ. ಅದನ್ನೂ ಕಸಗೊಂಡ್ರ ಅವರಿಗಿ ಏನು ಉಳೀತು?

ಮೊಮ್ಮಗಳು: ಹಂಗಾದ್ರ ಎರಡು ಕೊನಿ ಇಡ್ತೀನಿ. ನಿನ್ನಂಥವರಿಗೊಂದು, ನನ್ನಂಥವರಿಗೊಂದು.

ಮುತ್ಯಾ: ಎರಡು ಕೊನಿ ಇಡೋದು ಬರಿಯೋನ ಪುಕ್ಕಲತನ.

ಮೊಮ್ಮಗಳು: ಒಂದೇ ಕೊನಿ ಇಡೋದು ಬರಿಯೋನ ದೌಲತ್ತು.

ಮುತ್ಯಾ: ದೌಲತ್ತು ಇರಲಿ. ಕಳ್ಳರು ಯಾರು ಅಂತ ಗೊತ್ತಿರೋನು ನಾ. ನೀ ಇನ್ನೂ ಹೊರಗ ನಿಂತಿ. ಹುಡುಕು, ನೋಡೋಣ.

ಮೊಮ್ಮಗಳು: ಈಗ? ಹಿಂಗೇ, ಬಾಯಿಂದ?

ಮುತ್ಯಾ: ಹೂಂ. ಒತ್ತಲಾಕ ಏನೂ ಸಿಗಲ್ಲ. ಅದೇ ಪ್ರಶ್ನಿ ಎರಡು ಸಲ ಕೇಳಿದ್ರ ಉತ್ತರ ಬದಲಾಗ್ತದ, ಮೊದಲೇ ಹೇಳ್ತೀನಿ.

ಮೊಮ್ಮಗಳು: ಆಯ್ತು. ಫೋನು ಇಟ್ಟೆ. ಹೇಳು, ಮದುವಿ ಅಕ್ಕಿಕಾಳಿನ ಹಿಂದಿನ ರಾತ್ರಿ ಅಡಗಿಮನ್ಯಾಗ ಯಾರ್ಯಾರು ಮಲಗಿದ್ರು?

ಮುತ್ಯಾ: ಮೆಲ್ಲಗ ಕೇಳು.